ಹದ ಮತ್ತು ಹೊಣೆ

ಹದ ಎಂಬುದು ಕನ್ನಡದ ಒಂದು ಸೊಗಸಾದ ಮಾತು. ಬಿತ್ತುವ ಮಣ್ಣಿಗೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಕಮ್ಮಾರನ ಕುಡುಗೋಲಿಗೂ ಹದವುಂಟು. ಪದಾರ್ಥ ಒಳ್ಳೆಯದಾದರಷ್ಟೇ ಸಾಲದು, ತಕ್ಕ ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿ ಒದಗಬೇಕು ಎಂಬ ತಿಳಿವಳಿಕೆ ಈ ಎರಡಕ್ಷರಗಳಲ್ಲಿ ಅಡಗಿದೆ. ಇಂದಿನ ಕಾರ್ಖಾನೆಗಳ ಹೊಸ ಹೊಸ ಲೋಹ, ರಬ್ಬರು, ನಾರುಗಳಿಗೂ ಇದೇ ಮಾತು ಸಲ್ಲುತ್ತದೆ. ಹಾಗಾದರೆ ಹದ ನೋಡುವುದು ಬರಿಯ ಕೈಚಳಕವೆ, ಅದರಲ್ಲಿ ಧರ್ಮಾಧರ್ಮಗಳ ಪ್ರಶ್ನೆಯೂ ಇದೆಯೆ? ಇದೆ ಎಂದೇ ನನ್ನ ನಂಬಿಕೆ.

ಉಕ್ಕನ್ನೇ ತೆಗೆದುಕೊಳ್ಳೋಣ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಏಟು ಬಿದ್ದರೆ ಸಿಡಿಯುತ್ತದೆ. ಮತ್ತೆ ಮಂದ ಶಾಖದಲ್ಲಿ ಕಾಯಿಸಿದರೆ ಗಡಸುತನ ತುಸು ತಗ್ಗಿ ತಾಳಿಕೆ ಬರುತ್ತದೆ. ಉಕ್ಕು ಅದೇ, ಗುಣ ಬೇರೆ. ನಮ್ಮ ತೇಜಸ್ ಯುದ್ಧವಿಮಾನದ ರೆಕ್ಕೆಗೆ ಬಳಸಿರುವ ಇಂಗಾಲದ ನಾರಿನ ಸಂಗತಿಯೂ ಹೀಗೆಯೇ. ನಾರಿನ ಪದರಗಳನ್ನು ಅಂಟುರಾಳದೊಡನೆ ಒತ್ತಡ, ಶಾಖಗಳಲ್ಲಿ ಹದವರಿತು ಬೇಯಿಸಬೇಕು. ತಪ್ಪಿದರೆ ಒಳಗೆ ಪೊಳ್ಳುಗಳು ಉಳಿಯುತ್ತವೆ. ಹೊರಮೈ ಮಾತ್ರ ನುಣುಪಾಗಿಯೇ ಕಾಣಬಹುದು.

ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿ. ಪಾಕ ಕೆಟ್ಟರೆ ತಿಂದವನ ನಾಲಿಗೆಗೇ ತಿಳಿಯುತ್ತದೆ. ವಿಮಾನ ಏರಿದವನು ರೆಕ್ಕೆಯ ಒಳಗನ್ನು ನೋಡಬಲ್ಲನೆ? ಆತ ನಂಬಿ ಕೂರುತ್ತಾನೆ. ಆ ನಂಬಿಕೆಯ ಹೊಣೆ ವಸ್ತುವನ್ನು ಆಯ್ದವರ ಮೇಲೆ, ಹದ ಮಾಡಿದವರ ಮೇಲೆ, ಕಾಗದಕ್ಕೆ ಸಹಿ ಹಾಕಿದವರ ಮೇಲೆ ಬೀಳುತ್ತದೆ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಒಬ್ಬ ಶಾಲಾ ಶಿಕ್ಷಕಿಯೂ ಸೇರಿ ಏಳು ಮಂದಿ ಮಡಿದರು. ರಾಕೆಟ್ಟಿನ ಭಾಗಗಳ ಸಂದನ್ನು ಮುಚ್ಚುವ ರಬ್ಬರಿನ ಉಂಗುರ ಕೈಕೊಟ್ಟಿತ್ತು. ಬಿಸಿಗೆ ಚೆನ್ನಾಗಿ ತಾಳುವ ಉತ್ತಮ ರಬ್ಬರೇ ಅದು. ಆದರೆ ಚಳಿಯಲ್ಲಿ ಒತ್ತಿದರೆ ಬೇಗ ಪುಟಿದೇಳದು. ಸಂದಿನ ವಿನ್ಯಾಸದಲ್ಲೂ ದೋಷವಿತ್ತು. ಅಂದಿನ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ಸುಮಾರು 12 ಡಿಗ್ರಿಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಎಂದು ರಾಕೆಟ್ ತಯಾರಿಸಿದ ಕಂಪನಿಯ ರೋಜರ್ ಬೋಜೊಲಿ ಮುಂತಾದ ಎಂಜಿನಿಯರರು ಹಿಂದಿನ ರಾತ್ರಿ ವಾದಿಸಿದ್ದರು. ‘ಕೆಡುತ್ತದೆ ಎಂಬುದನ್ನು ನೀವು ಸಿದ್ಧಮಾಡಿ ತೋರಿಸಿ’ ಎಂಬಂತೆ ಅವರನ್ನೇ ಕಟಕಟೆಗೆ ನಿಲ್ಲಿಸಲಾಯಿತು. ಕಂಪನಿಯ ಆಡಳಿತಗಾರರು ಕೊನೆಗೆ ಒಪ್ಪಿಗೆ ಕೊಟ್ಟರು. ಉಡಾವಣೆಯ ಅಂತಿಮ ನಿರ್ಧಾರ ಕೈಗೊಂಡ ಮೇಲಧಿಕಾರಿಗಳಿಗೆ ಈ ಆಕ್ಷೇಪಣೆಯ ಸುದ್ದಿಯೇ ತಲುಪಲಿಲ್ಲ. ಆಮೇಲೆ ತನಿಖಾ ಆಯೋಗದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಹಿಡಿಕೆಯಲ್ಲಿ ಒತ್ತಿ, ಐಸ್ ನೀರಿನ ಲೋಟದಲ್ಲಿಟ್ಟು, ಅದು ಪುಟಿಯದಿರುವುದನ್ನು ಎಲ್ಲರಿಗೂ ತೋರಿಸಿದರು.

ಕಡತಗಳ ನಡುವೆ ಬದುಕುವ ನನ್ನಂಥ ಗುಮಾಸ್ತನಿಗೆ ಈ ಕಥೆಯಲ್ಲಿ ರಬ್ಬರಿಗಿಂತಲೂ ಚುಚ್ಚುವುದು ಮೇಲೆ ಹೋಗದೆ ಉಳಿದ ಆ ಆಕ್ಷೇಪಣೆ. ಕಡತ ಮೇಲೇರಿತು, ಟಿಪ್ಪಣಿ ಕೆಳಗೇ ಉಳಿಯಿತು!

ಎಲ್ಲ ಸಂಶಯಗಳೂ ತೀರುವವರೆಗೆ ಕಾಯುತ್ತ ಕುಳಿತರೆ ಯಾವ ಕೆಲಸ ತಾನೇ ಆದೀತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಪಾಯವೇ ಇಲ್ಲದ ವಸ್ತುವಿಲ್ಲ. ಬೇಕೆಂದಷ್ಟು ದಪ್ಪಗೆ ಮಾಡಿದರೆ ವಿಮಾನ ಹಾರದು, ಬೇಕೆಂದಷ್ಟು ಖರ್ಚು ಮಾಡಿದರೆ ಸೇತುವೆ ಮುಗಿಯದು. ಎಲ್ಲೋ ಒಂದು ಕಡೆ ‘ಇಷ್ಟು ಸಾಕು’ ಎನ್ನಲೇಬೇಕು. ಆದರೆ ಸಾಕು ಎನ್ನುವವನೇ ಅದಕ್ಕೆ ಆಧಾರ ತೋರಿಸಬೇಕಲ್ಲದೆ, ಸಾಲದು ಎಂದು ಶಂಕಿಸಿದವನ ತಲೆಗೆ ಆ ಭಾರ ಕಟ್ಟಬಾರದು. ಏಕೆಂದರೆ ಲೆಕ್ಕ ತಪ್ಪಿದಾಗ ಪ್ರಾಣ ತೆರುವವನು ಬೇರೆಯವನು.

ನಾವು ನೆಲೆಸಿರುವ ಊರುಗಳಲ್ಲಿ ‘ಚಲ್ತಾ ಹೈ’ ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ದುಡಿಯುತ್ತಿದ್ದಾರೆ. ಲೋಹಶಾಸ್ತ್ರವನ್ನು ಅವರು ಕಾಲೇಜಿನಲ್ಲಿ ಕಲಿತಾರು. ಹದ ತಪ್ಪಿದೆ ಎಂದು ಕಂಡಾಗ ಹಾಗೆಂದು ಬರೆದಿಡುವ ಧೈರ್ಯವನ್ನೂ, ಕಿರಿಯನೊಬ್ಬ ಬರೆದದ್ದನ್ನು ಮೇಲಕ್ಕೆ ಮುಟ್ಟಿಸುವ ಪ್ರಾಮಾಣಿಕತೆಯನ್ನೂ ಅವರಿಗೆ ಮನೆಯಲ್ಲೇ ಕಲಿಸಬೇಕು. ಅದು ನಮ್ಮ ಪಾಲಿನ ಹೊಣೆ.