ಪ್ರಿಂಟರ್ ಅಗ್ಗ, ಇಂಕ್ ದುಬಾರಿ

ಜೂನ್ ಬಂತೆಂದರೆ ಬೈಂದೂರಿನ ಜೆರಾಕ್ಸ್ ಅಂಗಡಿಗಳ ಮುಂದೆ ಕೊಡೆಗಳ ಸಾಲು. ವಿದ್ಯಾರ್ಥಿವೇತನದ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರದ ನಕಲು, ಆಧಾರ್ ಪ್ರತಿ, ಮಕ್ಕಳ ಪ್ರಾಜೆಕ್ಟಿಗೆ ಅಂಟಿಸಲು ಬಣ್ಣದ ಚಿತ್ರ, ಎಲ್ಲ ಒಟ್ಟಿಗೇ ಬರುತ್ತವೆ. ಹಳ್ಳಿಹೊಳೆಯಿಂದಲೋ ಜಡ್ಕಲ್‌ನಿಂದಲೋ ಒಂದು ಹಾಳೆಗಾಗಿ ಪೇಟೆಗೆ ಬಂದವರು ಕರೆಂಟಿಲ್ಲವೆಂದು ಕಾದು ನಿಲ್ಲುವುದೂ ಉಂಟು. ಹಾಗಾಗಿಯೇ ಈ ದಿನಗಳಲ್ಲಿ ಕಂಪ್ಯೂಟರ್ ಬಲ್ಲವರನ್ನು ಕಂಡರೆ ಸಾಕು, "ಹ್ವಾಯ್, ಮನಿಗೊಂದ್ ಪ್ರಿಂಟರ್ ತಕಂಬ ಅಂದೇಳಿ. ಅಗ್ಗದ್ದ್ ಯಾವ್ದ್ ಒಳ್ಳೇದ್?" ಎಂಬ ಪ್ರಶ್ನೆ. ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಒಂದರಲ್ಲೇ ಆಗುವ ಆಲ್ ಇನ್ ಒನ್ ಬೇಕು, ಕೈಗೆಟುಕುವ ಬೆಲೆಯೂ ಇರಬೇಕು.

ಆದರೆ ಪ್ರಿಂಟರಿನ ನಿಜವಾದ ಬೆಲೆ ಡಬ್ಬದ ಮೇಲೆ ಬರೆದಿರುವುದಿಲ್ಲ. ಅದಿರುವುದು ಇಂಕಿನಲ್ಲಿ. ನಾಲ್ಕೈದು ಸಾವಿರಕ್ಕೆ ಸಿಗುವ ಯಂತ್ರಗಳು ಕಾರ್ಟ್ರಿಡ್ಜ್ ಹಾಕುವಂಥವು. ಅವುಗಳಲ್ಲಿ ಕೆಲವು ಸಣ್ಣ ಕಾರ್ಟ್ರಿಡ್ಜ್‌ಗಳಿಂದ ನೂರು ಚಿಲ್ಲರೆ ಪುಟ ಬಂದರೆ ಹೆಚ್ಚು. ದೊಡ್ಡದು ಕೊಂಡರೂ ಸಾಮಾನ್ಯವಾಗಿ ಐನೂರು ಪುಟಗಳ ಒಳಗೇ. ಒಂದೆರಡು ಸಲ ಕಾರ್ಟ್ರಿಡ್ಜ್ ಬದಲಿಸುವಷ್ಟರಲ್ಲಿ ಅಗ್ಗದ ಯಂತ್ರದ ಬೆಲೆಯ ಒಳ್ಳೆಯ ಪಾಲು ಮತ್ತೆ ಕೈಬಿಟ್ಟಿರುತ್ತದೆ. ಇನ್ನೊಂದು ಬಗೆ, ಬಾಟಲಿಯಿಂದ ಇಂಕ್ ಸುರಿಯುವ ಇಂಕ್ ಟ್ಯಾಂಕ್ ಯಂತ್ರ. ಇದಕ್ಕೆ ಹತ್ತರಿಂದ ಹದಿಮೂರು ಸಾವಿರದವರೆಗೆ ಬೇಕು. ಆದರೆ ಎಪ್ಸನ್‌ನ 003 ಎಂಬ 65 ಮಿಲಿಲೀಟರಿನ ಕಪ್ಪು ಬಾಟಲಿಗೆ ಕಂಪನಿ ಹೇಳುವ ಲೆಕ್ಕ 4,500 ಪುಟ. ಕ್ಯಾನನ್‌ನ ಜಿಐ-790 ಕಪ್ಪು ಬಾಟಲಿಗೆ 6,000 ಪುಟ. ಪುಟ ತುಂಬ ಒತ್ತಾಗಿ ಬರಹವಿದ್ದರೆ, ಚಿತ್ರಗಳಿದ್ದರೆ ಅಷ್ಟು ಬಾರದು. ಅರ್ಧವೇ ಬಂದರೂ ಪುಟವೊಂದಕ್ಕೆ ಇಂಕಿನ ಖರ್ಚು ಕಾಸುಗಳಲ್ಲಿ ಮುಗಿಯುತ್ತದೆ. ಆಗ ಇಂಕಿಗಿಂತ ಹಾಳೆಯೇ ದುಬಾರಿ.

ಈ ಟ್ಯಾಂಕ್ ಯಂತ್ರದ ಕಥೆ ನನಗೆ ತುಂಬ ಇಷ್ಟ. ಕಾರ್ಟ್ರಿಡ್ಜ್, ಟ್ಯಾಂಕ್ ಎರಡೂ ಇಂಕ್‌ಜೆಟ್ ಯಂತ್ರಗಳೇ. ಅದರ ಒಂದು ಮೂಲಕ್ಕೆ ಹೋದರೆ, 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿ ಆಕಸ್ಮಿಕವಾಗಿ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ಸೂಜಿಯ ತುದಿಯಿಂದ ಇಂಕ್ ಚಿಮ್ಮಿತು. ಬಿಸಿಯಿಂದ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುವ ಬಬಲ್ ಜೆಟ್ ಹುಟ್ಟಿದ್ದು ಹಾಗೆ. ಆಮೇಲೆ ವರ್ಷಗಟ್ಟಲೆ ಕಂಪನಿಗಳು ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಕಾರ್ಟ್ರಿಡ್ಜ್‌ನಲ್ಲಿ ಹಣ ಮಾಡಿದವು. ಅದನ್ನು ತಿರುಗಿಸಿದವರು ಬಳಸುವವರೇ. ಇಂಡೊನೇಷ್ಯಾದಂಥ ದೇಶಗಳಲ್ಲಿ, ನಮ್ಮಲ್ಲಿ ಕೂಡ, ಅಂಗಡಿಯವರು ಪ್ರಿಂಟರಿನ ಪಕ್ಕದಲ್ಲಿ ಬಣ್ಣದ ಬಾಟಲಿಗಳನ್ನಿಟ್ಟು, ತೆಳು ಕೊಳವೆಗಳ ಮೂಲಕ ಕಾರ್ಟ್ರಿಡ್ಜ್‌ಗೆ ಇಂಕ್ ಹರಿಸತೊಡಗಿದರು. ತಡೆಯಲಾಗದ ಆ ಜಾಣ್ಮೆಯನ್ನು ಕಂಪನಿಯೇ ಕೊನೆಗೆ ಒಪ್ಪಿಕೊಂಡು, 2010ರಲ್ಲಿ ಎಪ್ಸನ್ ತನ್ನದೇ ಟ್ಯಾಂಕ್ ಪ್ರಿಂಟರನ್ನು ಮೊದಲು ಇಂಡೊನೇಷ್ಯಾದಲ್ಲೇ ಬಿಡುಗಡೆ ಮಾಡಿತು. ಕ್ಯಾನನ್, ಎಚ್‌ಪಿ ಹಿಂದೆಯೇ ಬಂದವು. ಇಂದು ನಮ್ಮ ಮನೆಗೆ ಅಗ್ಗದ ಪುಟ ಬರುವುದು ಆ ಪುಟ್ಟ ಅಂಗಡಿಯವರ ದಯೆಯಿಂದ.

ಹಾಗಾದರೆ ಟ್ಯಾಂಕ್ ಯಂತ್ರವನ್ನೇ ಕಣ್ಣುಮುಚ್ಚಿ ತರಬಹುದೆ? ಒಂದು ಲೆಕ್ಕ ಹಾಕಿ ನೋಡೋಣ. 12,000 ರೂಪಾಯಿಯ ಯಂತ್ರ ಐದು ವರ್ಷ ಬಾಳಿತು ಎಂದಿಟ್ಟುಕೊಂಡರೆ ತಿಂಗಳಿಗೆ 200 ರೂಪಾಯಿ ಬಿತ್ತು. ಹಾಳೆ, ಇಂಕ್ ಸೇರಿ ಪುಟಕ್ಕೆ ಸುಮಾರು 70 ಪೈಸೆ. ಅಂಗಡಿಯಲ್ಲಿ ಕಪ್ಪು-ಬಿಳುಪು ಪುಟಕ್ಕೆ 2 ರೂಪಾಯಿ ಎಂದರೆ, ತಿಂಗಳಿಗೆ ನೂರೈವತ್ತು ಪುಟ ತೆಗೆದರೆ ಮಾತ್ರ ಮನೆಯ ಯಂತ್ರ ಗಿಟ್ಟುತ್ತದೆ. ಬಣ್ಣದ ಪುಟಕ್ಕೆ 10 ರೂಪಾಯಿ ಎಂದರೆ ಇಪ್ಪತ್ತು-ಇಪ್ಪತ್ತೈದು ಪುಟಕ್ಕೇ ಗಿಟ್ಟಿಬಿಡುತ್ತದೆ. ಶಾಲೆಗೆ ಹೋಗುವ ಮಕ್ಕಳಿಬ್ಬರಿರುವ ಮನೆಗೆ ಇದೇನೂ ದೊಡ್ಡ ಸಂಖ್ಯೆಯಲ್ಲ. ವರ್ಷಕ್ಕೆ ನಾಲ್ಕು ಪಹಣಿ, ಎರಡು ಟಿಕೆಟ್ ತೆಗೆಯುವ ಮನೆಯವರು ಮಾತ್ರ ದಯವಿಟ್ಟು ಯಾವ ಇಂಕ್‌ಜೆಟ್ಟೂ ಕೊಳ್ಳಬೇಡಿ. ಅಂಗಡಿಯೇ ಲೇಸು.

ಹೀಗೆ ಖಡಾಖಂಡಿತವಾಗಿ ಹೇಳಲು ಕಾರಣ, ಇಂಕ್‌ಜೆಟ್ ಕೆಲಸದಿಂದ ಹಾಳಾಗುವುದಕ್ಕಿಂತ ಸುಮ್ಮನೆ ಕೂತು ಹಾಳಾಗುವುದೇ ಹೆಚ್ಚು. ಪ್ರಿಂಟ್ ಹೆಡ್ಡಿನಲ್ಲಿ ಇಂಕ್ ಚಿಮ್ಮುವ ತೂತುಗಳು, ಅಂದರೆ ನಾಜಲ್‌ಗಳು, ಕೂದಲೆಳೆಗಿಂತ ಸಣ್ಣವು. ಬಳಸದಿದ್ದರೆ ಅಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಮುಟ್ಟದೆ ಬಿಟ್ಟ ಯಂತ್ರಕ್ಕೆ ಜೂನಿನಲ್ಲಿ ನಾಜಲ್ ಚೆಕ್ ಕೊಟ್ಟು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಬರಬೇಕಾದ ಸಣ್ಣ ಗೆರೆಗಳಲ್ಲಿ ಅಲ್ಲಲ್ಲಿ ಹಲ್ಲು ಉದುರಿದಂತೆ ಖಾಲಿ ಜಾಗ. ಹಳದಿಯಂತೂ ಬಿಳಿ ಹಾಳೆಯ ಮೇಲೆ ಕಾಣಿಸುವುದೇ ಕಷ್ಟ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಆಗ ಹೆಡ್ ಕ್ಲೀನಿಂಗ್ ಕೊಡುತ್ತೇವೆ. ಪ್ರತಿ ಸಲವೂ ಒಳ್ಳೆಯ ಇಂಕನ್ನೇ ಹೀರಿ ಅಡಿಯ ಸ್ಪಂಜಿಗೆ ಚೆಲ್ಲುತ್ತದೆ. ಆ ಸ್ಪಂಜು ತುಂಬಿದರೆ ಯಂತ್ರವೇ ನಿಂತುಬಿಡುತ್ತದೆ. ಸ್ಪಂಜನ್ನು ಮನೆಯಲ್ಲೇ ಬದಲಿಸಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ. ಹೆಡ್ಡನ್ನು ನಾವೇ ತೆಗೆದು ಹಾಕಬಹುದೇ ಎಂಬುದನ್ನೂ ಕೇಳಿ. ರಿಪೇರಿಗೆ ಕುಂದಾಪುರ, ಅಲ್ಲಾಗದಿದ್ದರೆ ಉಡುಪಿಗೇ ಹೊತ್ತೊಯ್ಯಬೇಕಾದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ವಾರಕ್ಕೊಂದು ಬಣ್ಣದ ಪುಟ ತೆಗೆಯುವುದು, ಪ್ಲಗ್ಗಿನ ಸ್ವಿಚ್ಚಿನಿಂದಲ್ಲದೆ ಯಂತ್ರದ ಬಟನ್ನಿನಿಂದಲೇ ಆಫ್ ಮಾಡುವುದು, ಇವೆರಡು ರೂಢಿಯಾದರೆ ಅರ್ಧ ತೊಂದರೆ ತಪ್ಪುತ್ತದೆ. ಬಟನ್ನಿನಿಂದ ಆಫ್ ಮಾಡಿದಾಗ ಹೆಡ್ಡು ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ, ಒಣಗುವುದಿಲ್ಲ. ಗುಡುಗು ಬಂದಾಗ ಪ್ಲಗ್ ಕೀಳುವುದು ಅದರ ನಂತರ.

ನಮ್ಮ ಕಡೆಯ ಮಳೆಗಾಲ ಇನ್ನೂ ಕೆಲವು ವಿಷಯಗಳನ್ನು ತೀರ್ಮಾನಿಸುತ್ತದೆ. ಲೇಸರ್ ಪ್ರಿಂಟರಿನಲ್ಲಿ ಇಂಕ್ ಒಣಗುವ ಭಯವಿಲ್ಲವೆಂಬುದು ನಿಜ, ಆದರೆ ಹಾಳೆಗೆ ಪುಡಿಯನ್ನು ಕಾಯಿಸಿ ಅಂಟಿಸಲು ಅದಕ್ಕೆ ನೂರಾರು ವಾಟ್ ಬೇಕು. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಅದನ್ನು ತಾಳಿಕೊಳ್ಳುವುದು ಕಷ್ಟ. ಇಂಕ್‌ಜೆಟ್ ಸಣ್ಣ ಎಲ್ಇಡಿ ಬಲ್ಬಿನಷ್ಟೇ ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತದೆ. ಹಾಳೆಯನ್ನು ಟ್ರೇಯಲ್ಲಿ ತುಂಬಿಡಬಾರದು. ಥಂಡಿ ಹೀರಿ ಅಂಚು ಅಲೆ ಅಲೆಯಾಗಿ, ಎರಡೆರಡು ಹಾಳೆ ಅಂಟಿಕೊಂಡು ಒಳಹೋಗಿ ಸಿಕ್ಕಿಬೀಳುತ್ತವೆ. ರೀಮನ್ನು ಅದರ ಕವರಿನಲ್ಲೇ, ಮುಚ್ಚಳವಿರುವ ಡಬ್ಬದಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ.

ಇಂಕಿನ ಜಾತಿಯನ್ನೂ ನೋಡಬೇಕು. ಡೈ ಇಂಕ್ ನೀರಿನಲ್ಲಿ ಕರಗಿದ ಬಣ್ಣ. ಚಿತ್ರ ಸೊಗಸಾಗಿ ಬರುತ್ತದೆ, ಆದರೆ ಒಂದು ಹನಿ ಬಿದ್ದರೆ ಹಾಲ್ ಟಿಕೆಟಿನ ಮೇಲಿನ ಹೆಸರು ನೇರಳೆ ಕಲೆಯಾಗಿ ಹರಡುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಸೂಕ್ಷ್ಮ ಕಣಗಳಿರುತ್ತವೆ, ಒಣಗಿದ ಮೇಲೆ ನೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಕ್ಯಾನನ್ ಮತ್ತು ಎಚ್‌ಪಿಯ ಹಲವು ಮನೆಬಳಕೆಯ ಟ್ಯಾಂಕ್ ಯಂತ್ರಗಳಲ್ಲಿ ಕಪ್ಪು ಪಿಗ್ಮೆಂಟ್, ಎಪ್ಸನ್‌ನ 003ರಲ್ಲಿ ಕಪ್ಪೂ ಡೈ. ಕೊಡೆ ಹಿಡಿದು ಅರ್ಜಿ ಒಯ್ಯುವ ಊರಿನವರಿಗೆ ಕಪ್ಪು ಪಿಗ್ಮೆಂಟ್ ಇದ್ದರೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಫೋಟೊ ಹೆಚ್ಚು ತೆಗೆಯುವವರ ಆಯ್ಕೆ ಬೇರೆಯಾಗಬಹುದು.

ಇಷ್ಟೆಲ್ಲ ಪ್ರಿಂಟಿನ ಮಾತಾಯಿತು. ಆದರೆ ಈ ಯಂತ್ರದ ಮೇಲ್ಗಡೆ ಇರುವ ಸ್ಕ್ಯಾನರಿನ ಗಾಜು ನಮ್ಮ ಊರಿನ ಮನೆಗಳಿಗೆ ಅದಕ್ಕಿಂತ ಬೆಲೆಯುಳ್ಳದ್ದು ಎಂದು ನಾನು ನಂಬಿದ್ದೇನೆ. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಇಲ್ಲಿನ ಎಷ್ಟೋ ಗೇಣಿದಾರರು ಡಿಕ್ಲರೇಶನ್ ಹಾಕಿ ಭೂಮಿ ಪಡೆದರು. ಭೂನ್ಯಾಯಮಂಡಳಿಯ ಆ ಆದೇಶಗಳು, ಹಳೆಯ ಗೇಣಿ ಚೀಟಿಗಳು, ಪಾಲುಪಟ್ಟಿಗಳು ಇಂದಿಗೂ ಟ್ರಂಕಿನ ತಳದಲ್ಲಿವೆ. ಟೈಪ್ ಮಾಡಿದ ಕಾರ್ಬನ್ ಪ್ರತಿ, ನಾಲ್ಕು ಮಡಿಕೆ, ಮಡಿಕೆಯ ಜಾಗದಲ್ಲಿ ಸರಿಯಾಗಿ ಸರ್ವೆ ನಂಬರು ಸವೆದುಹೋಗಿರುತ್ತದೆ. ಒಂದು ಮೂಲೆಯನ್ನು ಒರಲೆ ತಿಂದಿರುತ್ತದೆ. ಪ್ರತಿ ಮಳೆಗಾಲಕ್ಕೂ ಇನ್ನಷ್ಟು ಹೋಗುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದರೆ ಕೈಯ ನೆರಳು, ಸೊಟ್ಟ ಅಂಚು. ಗಾಜಿನ ಮೇಲೆ ಮೆಲ್ಲನೆ ಬಿಡಿಸಿಟ್ಟು, 300 ಡಿಪಿಐಯಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿದರೆ ಮಾಸಿದ ಸೀಲು, ಹಸಿರು ಸಹಿ ಕೂಡ ಓದಲು ಸಿಗುತ್ತದೆ. ಯಕ್ಷಗಾನದ ಮನೆಯವರಾದರೆ ಅಜ್ಜನ ಕೈಬರಹದ ಪ್ರಸಂಗದ ಪುಸ್ತಕವೂ ಹೀಗೆ ಉಳಿದೀತು. ಹಾಳೆಯನ್ನು ತಾನೇ ಎಳೆದುಕೊಳ್ಳುವ ಎಡಿಎಫ್ ಇರುವ ಯಂತ್ರಕ್ಕೆ ಇನ್ನೊಂದಿಷ್ಟು ಸಾವಿರ ಕೊಡಿ ಎಂದು ಅಂಗಡಿಯವರು ಹೇಳಬಹುದು. ಹಳೆಯ ಕಾಗದವನ್ನು ಅದರ ಬಾಯಿಗೆ ಕೊಡಲೇಬಾರದು, ಹರಿದುಹೋಗುತ್ತದೆ. ಮನೆಗೆ ಗಾಜು ಸಾಕು.

ವೈಫೈ ಇರಲಿ, ಮೊಬೈಲಿನಿಂದಲೇ ಪ್ರಿಂಟ್ ಕೊಡಬಹುದು. ವಾರಂಟಿ ಕಾರ್ಡಿನಲ್ಲಿ ವರ್ಷದ ಜೊತೆಗೆ ಪುಟಗಳ ಮಿತಿಯೂ ಇರಬಹುದು, ಓದಿಕೊಳ್ಳಿ.

ಇನ್ನೊಂದು ಮಾತು. ಅಕ್ಕಪಕ್ಕದ ಮೂರು ಮನೆಯವರು ಮೂರು ಅಗ್ಗದ ಯಂತ್ರ ತರುವ ದುಡ್ಡಿನಲ್ಲಿ ಒಂದು ಒಳ್ಳೆಯ ಟ್ಯಾಂಕ್ ಯಂತ್ರ ಬರುತ್ತದೆ. ಮೂರು ಮನೆಯ ಮಕ್ಕಳ ಪ್ರಾಜೆಕ್ಟ್ ಒಂದರಲ್ಲೇ ಆದರೆ ತಿಂಗಳ ಪುಟಗಳ ಲೆಕ್ಕವೂ ತುಂಬುತ್ತದೆ, ಹೆಡ್ಡು ಒಣಗಲು ಬಿಡುವೂ ಸಿಗುವುದಿಲ್ಲ. ಹಾಳೆ ಅವರವರು ತಂದುಕೊಳ್ಳಲಿ. ಇಂಕಿನ ಬಾಟಲಿ ಮುಗಿದಾಗ ಸರದಿಯಂತೆ ಒಬ್ಬೊಬ್ಬರು ತಂದರಾಯಿತು.