ಮುಟ್ಟಿದರೆ ಔಟು

ಚೌಳಹಿರಿಯೂರಿನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟವಾದರೆ ಸುತ್ತಲ ಹಳ್ಳಿಗಳ ಮಕ್ಕಳಿಗೆ ಅದೇ ಒಂದು ಜಾತ್ರೆ. ಚಿಕ್ಕಮಗಳೂರು ಜಿಲ್ಲೆ ಅಂದಕೂಡಲೆ ಕಾಫಿ ತೋಟ, ಜಡಿಮಳೆ, ಹಸಿರು ಬೆಟ್ಟ ಅಂತ ನೆನೆಯುವವರು ಈ ಕಡೂರು ಸೀಮೆಗೆ ಒಂದು ಸಲ ಬಂದು ನೋಡಬೇಕು. ಇಲ್ಲಿರುವುದು ರಾಗಿ ಹೊಲ, ತೆಂಗಿನ ಮರ, ಮಳೆಗೆ ಬಾಯಿ ಬಿಟ್ಟ ಕೆರೆ, ಧೂಳು. ಆ ಧೂಳಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಕಬಡ್ಡಿ ಅಂಕಣ ಮಾಡುತ್ತಾರೆ. ಈ ಕಡೆ ಏಳು ಜನ, ಆ ಕಡೆ ಏಳು ಜನ. ಸೀಟಿ ಊದುತ್ತದೆ. ಒಬ್ಬ ಹುಡುಗ ಉಸಿರು ಬಿಗಿಹಿಡಿದು ಗೆರೆ ದಾಟುತ್ತಾನೆ.

ಆ ಏಳು ಜನರಲ್ಲಿ ಲಿಂಗಾಯತರ ಹುಡುಗ ಇರುತ್ತಾನೆ, ಕುರುಬರವನು ಇರುತ್ತಾನೆ, ಗೊಲ್ಲರಹಟ್ಟಿಯವನು, ತಾಂಡಾದವನು, ಮಾದಿಗರ ಕೇರಿಯವನು ಇರುತ್ತಾರೆ. ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುತ್ತಾರೆ. ಬೆವರಿಗೆ ಬೆವರು ಅಂಟುತ್ತದೆ. ನೋಡುತ್ತ ನಿಂತ ಹಿರಿಯರು ಹೇಳುತ್ತಾರೆ: 'ನೋಡ್ರಪ್ಪ, ಆಟದಾಗೆ ಜಾತಿ ಗೀತಿ ಏನೂ ಇಲ್ಲ.'

ಈ ಮಾತನ್ನು ನಾನು ಐವತ್ತು ವರ್ಷದಿಂದ ಕೇಳುತ್ತ ಬಂದಿದ್ದೇನೆ. ಹುಡುಗನಾಗಿದ್ದಾಗ ಪೂರಾ ನಂಬಿದ್ದೆ. ಈಗ ಈ ಮಾತು ಯಾರ ಬಾಯಿಂದ ಬರುತ್ತದೆ, ಯಾರಿಗೆ ಅದರಿಂದ ನೆಮ್ಮದಿ ಸಿಗುತ್ತದೆ ಎಂದು ಕೇಳಬೇಕು ಅನ್ನಿಸುತ್ತದೆ.

ನಾನು ಓದಿದ ಶಾಲೆಯ ಹೆಸರು ಬೇಡ. ಈ ಸೀಮೆಯದೇ ಒಂದು ಶಾಲೆ. 1974ರಲ್ಲಿ ನಮ್ಮ ತಂಡ ಗೆದ್ದಿತ್ತು. ಕೊನೆಯ ಸಲ ಒಳಗೆ ಹೋಗಿ ಮೂವರನ್ನು ಮುಟ್ಟಿ ಬಂದವನು ನಾನು. ನಮ್ಮೂರ ದೊಡ್ಡ ಮನೆಯ ಹುಡುಗ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದ. ಜನ್ಮದಲ್ಲಿ ಮೊದಲ ಸಲ ನಾನು ಅಷ್ಟು ಎತ್ತರದಿಂದ ಊರನ್ನು ನೋಡಿದ್ದು. ಗೆದ್ದವರಿಗೆಲ್ಲ ಅವರ ಮನೆಯಲ್ಲೇ ಮಂಡಕ್ಕಿ, ಕಾಫಿ ಅಂತ ಹೇಳಿದರು. ಹೋದೆವು. ಆರು ಜನ ಜಗಲಿ ಹತ್ತಿದರು. ನಾನು ಕೊಟ್ಟಿಗೆ ಪಕ್ಕದಲ್ಲಿ ನಿಂತೆ. ಯಾರೂ ನನಗೆ ಅಲ್ಲಿ ನಿಲ್ಲು ಅನ್ನಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಬಾಯಾರಿತ್ತು. ನನ್ನನ್ನು ಹೆಗಲ ಮೇಲೆ ಹೊತ್ತ ಹುಡುಗನೇ ಚೊಂಬು ತಂದ. ನಾನು ಬೊಗಸೆ ಒಡ್ಡಿದೆ. ಅವನು ಮೇಲಿಂದ ನೀರು ಬಿಟ್ಟ, ಚೊಂಬು ನನ್ನ ಕೈಗೆ ತಾಗದ ಹಾಗೆ, ಬಹಳ ಜೋಪಾನವಾಗಿ. ಅವನು ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಿತ್ತು ಅಂತಲೂ ನೆನಪು. ಆದರೆ ಅವನ ಕೈ ತಪ್ಪಲಿಲ್ಲ.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಹಸೆ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಅಂದಳು: 'ಆಟದಾಗೆ ಮುಟ್ಟಿದ್ದು ಮೈಲಿಗೆ ಅಲ್ಲ ಕಣ್ಲಾ ಮಗ. ನಾವು ಕುಯ್ದ ರಾಗಿ ಮೈಲಿಗೆ ಅಲ್ಲ, ನಾವು ಮೆಟ್ಟಿದ ಕಣ ಮೈಲಿಗೆ ಅಲ್ಲ. ಅವ್ರಿಗೆ ಬೇಕಾದಾಗ ನಾವು ಮುಟ್ಟಬೋದು. ನಮಗೆ ಬೇಕಾದಾಗ ಮುಟ್ಟಿದ್ರೆ ಮೈಲಿಗೆ.'

ಅಕ್ಷರ ಬಾರದ ಆ ಮುದುಕಿಯ ಮಾತನ್ನು ಮೀರಿ ನಾನು ಹೊಸದೇನನ್ನೂ ಹೇಳಲಾರೆ. ಅದನ್ನೇ ಸ್ವಲ್ಪ ಬಿಡಿಸುತ್ತೇನೆ.

ಜಾತಿ ವ್ಯವಸ್ಥೆ ಕಲ್ಲಿನ ಗೋಡೆಯಲ್ಲ. ಅದರಲ್ಲಿ ಕಿಂಡಿಗಳಿವೆ. ಸುಗ್ಗಿಗೆ ಒಂದು ಕಿಂಡಿ, ಹೆರಿಗೆಗೆ ಒಂದು, ಹೆಣ ಹೂಳುವುದಕ್ಕೆ ಒಂದು, ಆಟಕ್ಕೆ ಒಂದು. ಕಿಂಡಿ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನುವ ಬೀಗದ ಕೈ ಒಬ್ಬರ ಸೊಂಟದಲ್ಲೇ ಇದೆ. ಕಿಂಡಿ ತೆರೆದಿದೆ ಎಂಬ ಕಾರಣಕ್ಕೆ ಗೋಡೆ ಬಿತ್ತು ಅನ್ನಬಹುದೇ? ಮೈದಾನದಲ್ಲಿ ಮುಕ್ಕಾಲು ಗಂಟೆ ಕೊಟ್ಟ ಅನುಮತಿಯನ್ನು ಸಮಾನತೆ ಅಂತ ಕರೆಯಬಹುದೇ?

ಆಟದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನದಲ್ಲಿ ಕೂಲಿಯಾಗಿದ್ದುಕೊಂಡೇ ಅವರಿಗೆ ಚೆಂಡು ಎಸೆಯುತ್ತ ಎಡಗೈ ಸ್ಪಿನ್ ಕಲಿತರು. ಬಿಳಿಯರನ್ನು ಸೋಲಿಸಲು ಹಿಂದೂಗಳ ತಂಡಕ್ಕೆ ಅವರು ಬೇಕಾದರು. ಸೇರಿಸಿಕೊಂಡರು. ಅವರು ಮುಟ್ಟಿದ ಚೆಂಡನ್ನು ಬ್ರಾಹ್ಮಣ ಆಟಗಾರರೂ ಹಿಡಿದರು. ಚಹಾದ ಹೊತ್ತಾದರೆ ಮಾತ್ರ ಬಾಲೂಗೆ ಹೊರಗೆ, ಬೇರೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಅವರು 114 ವಿಕೆಟ್ ತೆಗೆದರು. ಆದರೂ ಹಿಂದೂಗಳ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಅವರ ತಮ್ಮ ವಿಠಲ್ ನಾಯಕನಾಗಲು 1923 ಬರಬೇಕಾಯಿತು. ಆ ತಂಡಕ್ಕೆ ಬಾಲೂ ಅವರ ಕೈ ಬೇಕಿತ್ತು. ಆ ಕೈಯಲ್ಲಿ ಕಪ್ಪು ಸಾಸರು ಬೇಕಿರಲಿಲ್ಲ.

ನೂರು ವರ್ಷದ ಹಿಂದಿನ ಕತೆ ಬಿಡಿ ಅನ್ನುವವರಿದ್ದಾರೆ. ಸರಿ, ಹತ್ತಿರಕ್ಕೆ ಬರೋಣ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಉತ್ತರ ಕನ್ನಡದ ಕಾಡಂಚಿಗೆ ಹೋಗಿ ಸಿದ್ದಿ ಮಕ್ಕಳನ್ನು ಆರಿಸಿದರು. ಆಫ್ರಿಕಾ ಮೂಲದವರು, ಓಡುತ್ತಾರೆ, ದೇಶಕ್ಕೆ ಪದಕ ತರುತ್ತಾರೆ ಎಂಬ ಲೆಕ್ಕ. ಮಕ್ಕಳು ಹಾಸ್ಟೆಲಿಗೆ ಬಂದರು, ಓಡಿದರು, ಕೆಲವರು ರಾಷ್ಟ್ರ ಮಟ್ಟದಲ್ಲಿ ಗೆದ್ದರು. 90ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಿತು. ಕೈಗೆ ಬಂದ ಮಕ್ಕಳಲ್ಲಿ ಎಷ್ಟೋ ಜನ ಮತ್ತೆ ಕೂಲಿಗೆ ಹೋದರು. ಆ ಮಕ್ಕಳ ಕಾಲು ನೋಡಿದವರು ಅವರ ಹೊಟ್ಟೆ ನೋಡಲಿಲ್ಲ, ಮುಂದಿನ ಬದುಕು ನೋಡಲಿಲ್ಲ. 'ಬಗೆಬಗೆಯ ಜನರಿಗೆ ಅವಕಾಶ' ಅನ್ನುವ ಮಾತು ಎಷ್ಟು ಚೆಂದ ಕೇಳಿಸುತ್ತದೆ! ಆದರೆ ಜನಾಂಗದ ರಕ್ತ ನೋಡಿ ಮಕ್ಕಳನ್ನು ಆರಿಸುವುದು ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡುವುದಕ್ಕಿಂತ ಎಷ್ಟು ಬೇರೆ?

ಇನ್ನೂ ಹತ್ತಿರಕ್ಕೆ ಬನ್ನಿ. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ವಿರುದ್ಧ ಮೂರು ಗೋಲು ಹೊಡೆದರು. ಒಲಿಂಪಿಕ್ ಹಾಕಿಯಲ್ಲಿ ಹಾಗೆ ಹೊಡೆದ ಭಾರತದ ಮೊದಲ ಹೆಣ್ಣುಮಗಳು. ಆವತ್ತು ಅವರು ಭಾರತದ ಮಗಳು. ಸೆಮಿಫೈನಲಿನಲ್ಲಿ ತಂಡ ಸೋತ ದಿನ ಹರಿದ್ವಾರದ ಹತ್ತಿರ ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹೆಸರು ಹಿಡಿದು ಬೈದರು. ಗೆದ್ದರೆ ದೇಶ, ಸೋತರೆ ಜಾತಿ. ಕಿಂಡಿ ಮುಚ್ಚುವುದು ಎಷ್ಟು ಬೇಗ ನೋಡಿ.

ನಮ್ಮ ಸೀಮೆಗೇ ಬರೋಣ. 2024ರ ಜನವರಿಯಲ್ಲಿ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಗೆ ಕೆಲಸಕ್ಕೆ ಹೋದ ದಲಿತ ಯುವಕನನ್ನು, ಹಟ್ಟಿಯೊಳಕ್ಕೆ ಬಂದ ಎಂಬ ಕಾರಣಕ್ಕೆ ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮೈಲಿಗೆಯಾಯಿತೆಂದು ಗುಡಿಯ ಬಾಗಿಲು ಹಾಕಿದರು. ಗೊಲ್ಲರೇನು ಜಮೀನ್ದಾರರೇ? ಅವರೂ ಬಡವರು, ಊರಾಚೆ ಹಟ್ಟಿ ಕಟ್ಟಿಕೊಂಡವರು, ಕುರಿ ಹಿಂದೆ ಸವೆದವರು. ತುಳಿಸಿಕೊಂಡವನು ತನಗಿಂತ ಕೆಳಗೆ ಇನ್ನೊಬ್ಬನನ್ನು ಹುಡುಕುವ ಹಾಗೆ ಮಾಡಿರುವುದೇ ಈ ವ್ಯವಸ್ಥೆಯ ಹಿಕಮತ್ತು. ನನ್ನ ಪ್ರಶ್ನೆ ಬೇರೆ. ಇಂಥ ಹಟ್ಟಿಯ ಮಕ್ಕಳೂ ಕೇರಿಯ ಮಕ್ಕಳೂ ಒಂದೇ ಶಾಲೆಯಲ್ಲಿ ಒಂದೇ ಅಂಕಣದಲ್ಲಿ ಒಬ್ಬರ ಕಾಲನ್ನೊಬ್ಬರು ಹಿಡಿದು ಎಳೆದಾಡುತ್ತಾರೆ. ಆ ಮಗುವಿಗೆ ಯಾವುದು ನಿಜ? ಮಧ್ಯಾಹ್ನ ಹಿಡಿದ ಕಾಲೋ, ಸಂಜೆ ದಾಟಬಾರದ ಗೆರೆಯೋ?

ಕಬಡ್ಡಿಯ ನಿಯಮ ನೋಡಿ. ಮುಟ್ಟಿದರೆ ಔಟು. ಊರಿನ ನಿಯಮವೂ ಅದೇ, ಮುಟ್ಟಿದರೆ ಔಟು. ಆದರೆ ಕಬಡ್ಡಿಯಲ್ಲಿ ಯಾರು ಯಾರನ್ನು ಬೇಕಾದರೂ ಮುಟ್ಟಬಹುದು, ಔಟಾದವನು ನಮ್ಮವರು ಎದುರಾಳಿಯೊಬ್ಬನನ್ನು ಔಟು ಮಾಡಿದ ಕೂಡಲೆ ಮತ್ತೆ ಒಳಗೆ ಬರುತ್ತಾನೆ. ಮರುಜೀವ ಇದೆ. ಜಾತಿಯ ಆಟದಲ್ಲಿ ಹುಟ್ಟುವಾಗಲೇ ಔಟು, ಸಾಯುವ ತನಕ ಹೊರಗೆ. ಇಷ್ಟು ದೊಡ್ಡ ಪಾಠ ಮೈದಾನದಲ್ಲೇ ಬಿದ್ದಿದೆ. ಅದನ್ನು ಎತ್ತಿ ಮಕ್ಕಳ ಕೈಗೆ ಕೊಡುವ ಮೇಷ್ಟ್ರು ಎಷ್ಟು ಜನ?

ನನ್ನ ಮೇಷ್ಟ್ರ ಗೆಳೆಯರೊಬ್ಬರು ಅನ್ನುತ್ತಾರೆ: 'ಮಕ್ಕಳ ತಲೆಗೆ ಜಾತಿ ತುಂಬಬೇಡಿ ಸಾರ್. ಸುಮ್ಮನೆ ಆಡೋಕ್ಕೆ ಬಿಡಿ. ತಾನೇ ಹೋಗುತ್ತೆ.' ಅವರು ಒಳ್ಳೆಯವರು. ಆದರೆ ಅವರೇ ಅಂಪೈರ್ ಆದಾಗ ಒಬ್ಬ ಇನ್ನೊಬ್ಬನ ಕತ್ತು ಹಿಸುಕಿದರೆ ಸುಮ್ಮನಿರುತ್ತಾರೆಯೇ? ಸೀಟಿ ಊದುತ್ತಾರೆ. ಊದದಿದ್ದರೆ ಅವರು ತಟಸ್ಥರಲ್ಲ, ಬಲ ಇದ್ದವನ ಕಡೆಯ ಎಂಟನೇ ಆಟಗಾರ. ಸಂವಿಧಾನದ 17ನೇ ಕಲಮು ಅಸ್ಪೃಶ್ಯತೆಯನ್ನು ರದ್ದು ಮಾಡಿ ಮುಕ್ಕಾಲು ಶತಮಾನ ಕಳೆದಿದೆ. ಆ ಕಲಮೇ ಒಂದು ಸೀಟಿ. ಊದುವ ಬಾಯಿ ಬೇಕು.

ಇನ್ನು 'ಎಲ್ಲರಿಗೂ ಒಂದೇ ಗೆರೆ' ಎಂಬ ಮಾತು. ಓಟದ ಗೆರೆ ಎಲ್ಲರಿಗೂ ಒಂದೇ, ನಿಜ. ಆದರೆ ಆ ಗೆರೆಗೆ ಬರುವ ದಾರಿ? ಒಬ್ಬ ಬೂಟು ಹಾಕಿ ಬರುತ್ತಾನೆ, ಒಬ್ಬ ಬರಿಗಾಲಲ್ಲಿ. ಒಬ್ಬ ಬೆಳಿಗ್ಗೆ ಮೊಟ್ಟೆ ತಿಂದು ಬರುತ್ತಾನೆ, ಒಬ್ಬ ಮಧ್ಯಾಹ್ನದ ಬಿಸಿಯೂಟಕ್ಕೆ ಕಾದು ಬರುತ್ತಾನೆ. ಒಬ್ಬನ ಕಾಲು ಬತ್ತಿದೆ, ಅವನಿಗೆ ಉಳಿದದ್ದು ಗೆಳೆಯರ ಬಟ್ಟೆ ಕಾಯುವ ಕೆಲಸ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಾನು ಇರಬೇಕು ಅನ್ನುತ್ತದೆ. ಅದು ಹಕ್ಕು, ದಾನವಲ್ಲ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಸಾಮಾನಿನ ಕೋಣೆಯ ಬೀಗದ ಕೈ ಯಾವ ಮಗುವಿಗೆ ಕೊಡುತ್ತಾರೆ, ಮೈದಾನದ ಕಲ್ಲು ಆರಿಸಲು ಯಾವ ಮಗುವನ್ನು ಕರೆಯುತ್ತಾರೆ ಅನ್ನುವುದನ್ನು ನೋಡಬೇಕು.

ಇಷ್ಟು ಹೇಳಿ ನಾನು ಸುಮ್ಮನಾದರೆ ಅದು ಮೋಸವಾಗುತ್ತದೆ. ನನಗೊಬ್ಬಳು ತಂಗಿ ಇದ್ದಳು. ನನಗಿಂತ ಜೋರು ಓಡುತ್ತಿದ್ದಳು. ಖೋಖೋದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಮೈನೆರೆದಳು. ಮುಗಿಯಿತು. 'ದೊಡ್ಡೋಳಾದ್ಲು, ಇನ್ನು ಲಂಗ ಎತ್ತಿಕೊಂಡು ಓಡೋದು ಚೆಂದವೇ?' ಎಂದವರು ದೊಡ್ಡ ಮನೆಯವರಲ್ಲ. ನಾನೇ. ಕೊಟ್ಟಿಗೆ ಪಕ್ಕದಲ್ಲಿ ಬೊಗಸೆ ಒಡ್ಡಿ ನಿಂತಿದ್ದ ನಾನೇ ಅವಳಿಗೆ ಇನ್ನೊಂದು ಗೆರೆ ಎಳೆದೆ.

ನಮ್ಮ ಭಾಷೆ ನೋಡಿ. ಮುಟ್ಟು ಅಂದರೆ ತಾಗು. ಮುಟ್ಟು ಅಂದರೆ ಹೆಣ್ಣಿನ ತಿಂಗಳ ನೆತ್ತರು. ನನ್ನನ್ನು ಹೊರಗೆ ನಿಲ್ಲಿಸಿದ್ದೂ ಅದೇ ಮಾತು, ಅವಳನ್ನು ಹೊರಗೆ ಕೂರಿಸಿದ್ದೂ ಅದೇ ಮಾತು. ಖೋಖೋ ಆಟದಲ್ಲಿ ಬೆನ್ನು ಮುಟ್ಟಿ ಖೋ ಅಂದರೆ ಕೂತವಳು ಎದ್ದು ಓಡುತ್ತಾಳೆ. ನಮ್ಮ ಮನೆಗಳಲ್ಲಿ ಓಡುತ್ತಿದ್ದವಳು ಮುಟ್ಟಾದರೆ ಕೂರಬೇಕು. ಶಾಲೆಯಲ್ಲಿ ನೀರಿರುವ ಶೌಚಾಲಯ ಇಲ್ಲದಿದ್ದರೆ, ಬಟ್ಟೆ ಬದಲಿಸಲು ಒಂದು ಬಾಗಿಲು ಇಲ್ಲದಿದ್ದರೆ, ಹೆಣ್ಣುಮಕ್ಕಳಿಗೂ ಮೈದಾನ ಇದೆ ಅನ್ನುವುದು ಬಾಯಿಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ಗೆದ್ದ ಭಾರತದ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ. ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ತಂಗಿ. ಅವಳು ಎಲ್ಲಿಯ ತನಕ ಓಡುತ್ತಿದ್ದಳೋ ನೋಡಲು ನಾನೇ ಬಿಡಲಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಭಾಷಣ ಬೇಡ. ಮೈದಾನದ ಪಕ್ಕದ ನೀರಿನ ಕೊಡದಿಂದ ಶುರುವಾಗಲಿ. ಒಂದೇ ಕೊಡ, ಒಂದೇ ಲೋಟ, ಮೊಗೆದು ಕೊಡುವ ಸರದಿ ಎಲ್ಲ ಮಕ್ಕಳದು, ಕೇರಿಯ ಮಗುವಿನದೂ. ಅಂಬೇಡ್ಕರರಿಗೆ ಶಾಲೆಯಲ್ಲಿ ಜವಾನ ಬಂದು ಮೇಲಿಂದ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕೊಡದ ಕತೆ ಇನ್ನೂ ಮುಗಿದಿಲ್ಲ. ನಾಯಕತ್ವವೂ ಸರದಿಯಲ್ಲಿ ಬರಲಿ. ಗೆದ್ದ ತಂಡಕ್ಕೆ ಊಟ ಹಾಕುವುದಾದರೆ ಒಂದೇ ಪಂಕ್ತಿಯಲ್ಲಿ ಹಾಕಿ. ಆಗದಿದ್ದರೆ ಆ ಊಟ ಬೇಡ ಎನ್ನುವ ಎದೆ ಮೇಷ್ಟ್ರಿಗಿರಲಿ. ಓಡಲಾಗದ ಮಗುವಿಗೆ ಬಟ್ಟೆ ಕಾಯುವ ಕೆಲಸವಲ್ಲ, ಆಡುವ ಆಟ ಹುಡುಕಿ. ಹೆಣ್ಣುಮಕ್ಕಳ ಆಟದ ಪೀರಿಯಡ್ಡನ್ನು ಗುಡಿಸುವ ಪೀರಿಯಡ್ಡು ಮಾಡಬೇಡಿ. ಮತ್ತು ನಾವು, ಕೇರಿಯ ಗಂಡಸರು, ನಮ್ಮ ಹಟ್ಟಿಯ ಮುಂದಿನ ಗೆರೆಯನ್ನು ಮೊದಲು ಅಳಿಸಬೇಕು. ಊರವರ ಗೆರೆ ಅಳಿಸುವ ಕೂಗಿಗೆ ಆಗ ಬಲ ಬರುತ್ತದೆ.

ಚೌಳಹಿರಿಯೂರಿನಂಥ ಮೈದಾನದಲ್ಲಿ ಎಳೆದ ಸುಣ್ಣದ ಗೆರೆ ಒಂದು ಮಳೆ ಬಂದರೆ ಹೋಗುತ್ತದೆ. ಇನ್ನೊಂದು ಗೆರೆ ಎಷ್ಟು ಮಳೆ ಬಂದರೂ ಹೋಗಿಲ್ಲ. ಮುಂದಿನ ಸಲ ಆಟ ನೋಡಲು ಹೋದಾಗ, ಗೆಳೆಯರೇ, ಸೀಟಿ ಊದಿ ಆಟ ಮುಗಿದ ಕೂಡಲೆ ಎದ್ದು ಬರಬೇಡಿ. ಹತ್ತು ನಿಮಿಷ ನಿಲ್ಲಿ. ಬಾಯಾರಿದ ಹದಿನಾಲ್ಕು ಮಕ್ಕಳು ನೀರು ಹೇಗೆ ಕುಡಿಯುತ್ತಾರೆ ನೋಡಿ. ಆಟದಲ್ಲಿ ಜಾತಿ ಇದೆಯೋ ಇಲ್ಲವೋ, ಆಗ ಹೇಳಿ.