ವೇಷ ಕಟ್ಟಲು ಯಾರಪ್ಪಣೆ?

1996ರಲ್ಲಿ ಬಂದ ಮಲಯಾಳಂ ಚಿತ್ರ ‘ಸಲ್ಲಾಪಂ’ನಲ್ಲಿ ಕಲಾಭವನ್ ಮಣಿಯವರದು ಕಳ್ಳು ಇಳಿಸುವವನ ಪಾತ್ರ. ಅದರ ಹಿಂದಿನ ವರ್ಷ ‘ಅಕ್ಷರಂ’ ಚಿತ್ರದಲ್ಲಿ ಮೊದಲ ಸಲ ಮುಖ ತೋರಿಸಿದಾಗ ಆಟೋ ಓಡಿಸುವವನ ಪಾತ್ರ. ಸಿನಿಮಾಕ್ಕೆ ಬರುವ ಮುಂಚೆ ಮಣಿ ಹೊಟ್ಟೆಪಾಡಿಗೆ ಮಾಡುತ್ತಿದ್ದುದೂ ಇಂಥವೇ ಕೆಲಸ. ಕೊಚ್ಚಿಯಿಂದ ಉತ್ತರಕ್ಕೆ ತ್ರಿಶೂರ್ ದಾರಿಯಲ್ಲಿ ಸಿಗುವ ಚಾಲಕುಡಿಯಲ್ಲಿ, ದಲಿತ ಕೃಷಿಕೂಲಿ ರಾಮನ್ ಅವರ ಮಗ ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದ, ಹೊಳೆಗಿಳಿದು ಮರಳೆತ್ತುತ್ತಿದ್ದ, ಆಟೋ ಓಡಿಸುತ್ತಿದ್ದ. ಕಾಯಿಗಾಗಿ ಹತ್ತುತ್ತಿದ್ದವನನ್ನು ಸಿನಿಮಾ ಕಳ್ಳಿಗಾಗಿ ಹತ್ತಿಸಿತು. ಕೂಲಿ ಮಾತ್ರ ಬೇರೆ.

ಬಡವನ ಮಗ ನಟನಾಗಿ ಮೇಲೆ ಬಂದ ಕತೆಯನ್ನು ನಾವು ಒಂದೇ ಧಾಟಿಯಲ್ಲಿ ಹೇಳಿಕೊಂಡು ಬಂದಿದ್ದೇವೆ. ಹಸಿವು, ಅವಮಾನ, ಒಂದು ಅವಕಾಶ, ಆಮೇಲೆ ಕಟೌಟು, ಹಾಲಿನ ಅಭಿಷೇಕ. ಎಲ್ಲಿಂದ ಎಲ್ಲಿಗೆ ಬಂದ ನೋಡಿ ಎನ್ನುತ್ತೇವೆ. ಆದರೆ ನಟನೆ ಎಂದರೆ ತಾನಲ್ಲದವನಾಗುವ ವಿದ್ಯೆ ತಾನೆ? ಹಾಗಿದ್ದರೆ ನಟನೊಬ್ಬ ಎಷ್ಟು ಎತ್ತರಕ್ಕೆ ಬಂದ ಎಂಬುದನ್ನು ಅಳೆಯಬೇಕಾದದ್ದು ಅವನ ಸಂಭಾವನೆಯಿಂದಲ್ಲ. ಯಾರ್ಯಾರಾಗಲು ಅವನಿಗೆ ಬಿಟ್ಟರು ಎಂಬುದರಿಂದ. ಈ ಲೆಕ್ಕ ಹಿಡಿದು ಮಣಿಯವರ ಬದುಕನ್ನು ನೋಡಿದರೆ ಏಣಿ ನೆಟ್ಟಗೆ ಕಾಣುವುದಿಲ್ಲ.

ಮಣಿ ಕಲಿತದ್ದು ಮಿಮಿಕ್ರಿ. ಕೊಚ್ಚಿಯ ಕಲಾಭವನವನ್ನು 1969ರಲ್ಲಿ ಕಟ್ಟಿದವರು ಫಾದರ್ ಆಬೇಲ್ ಎಂಬ ಪಾದ್ರಿ. ಅವರೇ ಕ್ರೈಸ್ತ ಭಕ್ತಿಗೀತೆಗಳನ್ನು ಬರೆಯುತ್ತಿದ್ದವರು, ಸಂಸ್ಥೆ ಶುರುವಾದದ್ದೂ ಹಾಡಿಗಾಗಿಯೇ. 1980ರ ದಶಕದ ಆರಂಭದಲ್ಲಿ ಅಲ್ಲಿ ‘ಮಿಮಿಕ್ಸ್ ಪರೇಡ್’ ಹುಟ್ಟಿತು. ಆರೇಳು ಹುಡುಗರು ಮೈಕಿನ ಮುಂದೆ ಸಾಲಾಗಿ ನಿಂತು ನಟರ, ರಾಜಕಾರಣಿಗಳ, ನಾಯಿ ನರಿಗಳ ದನಿ ತೆಗೆದು ಜನರನ್ನು ನಗಿಸುವ ಆಟ. ಪರದೆ ಬೇಡ, ಕಿರೀಟ ಬೇಡ, ಬಣ್ಣವೂ ಬೇಡ. ಬಂಡವಾಳವೆಂದರೆ ಗಂಟಲು ಒಂದೇ. ಕೇರಳದ ದೇವಸ್ಥಾನದ ಉತ್ಸವ, ಇಗರ್ಜಿ ಹಬ್ಬಗಳಿಗೆಲ್ಲ ಈ ತಂಡಗಳು ತಿರುಗಿದವು. ನಟ ಜಯರಾಂ ಬಂದದ್ದು ಇದೇ ದಾರಿಯಲ್ಲಿ, ನಿರ್ದೇಶಕ ಜೋಡಿ ಸಿದ್ದೀಕ್–ಲಾಲ್ ಬಂದದ್ದೂ ಇದೇ ದಾರಿಯಲ್ಲಿ. ಕೈಯಲ್ಲಿ ಕಾಸಿಲ್ಲದವನಿಗೆ ಸಿನಿಮಾದ ಬಾಗಿಲು ತೆರೆಯುವ ಇದಕ್ಕಿಂತ ಅಗ್ಗದ ಕೀಲಿ ಬೇರೆ ಇರಲಿಲ್ಲ.

ಆದರೆ ಮಿಮಿಕ್ರಿಗೆ ಸಿಗುವ ಚಪ್ಪಾಳೆ ವಿಚಿತ್ರದ್ದು. ದನಿ ಯಾರದೋ, ಅವರಿಗೇ ಅರ್ಧ ಚಪ್ಪಾಳೆ. ಆ ದನಿ ತೆಗೆದವನ ಮುಖ ನೆನಪಿಡುವುದಕ್ಕೆ ಮೊದಲೇ ಅವನು ಮುಂದಿನ ದನಿಗೆ ದಾಟಿರುತ್ತಾನೆ. ವೇದಿಕೆಯ ಮೇಲೆ ಇಡೀ ಲೋಕವೇ ಆಗಬಲ್ಲ ಹುಡುಗ ಸಿನಿಮಾಕ್ಕೆ ಕಾಲಿಟ್ಟ ಕೂಡಲೇ ಅದು ಅವನನ್ನು ಮರಳಿ ಮರದ ಬುಡಕ್ಕೆ ತಂದು ನಿಲ್ಲಿಸಿತು: ನೀನು ನೀನೇ ಆಗಿರು, ಅದು ನಿನಗೆ ಚೆನ್ನಾಗಿ ಬರುತ್ತದೆ.

ಇಲ್ಲಿ ನನಗೆ ಗಾಜನೂರಿನ ಮುತ್ತುರಾಜು ನೆನಪಾಗುತ್ತಾರೆ. ಅವರದೂ ಬಡ ಮನೆ, ಶಾಲೆ ಅರ್ಧಕ್ಕೇ ನಿಂತಿತು. ಹುಟ್ಟಿದ್ದು ಹೆಂಡ ಇಳಿಸುವುದನ್ನು ಕುಲಕಸುಬೆಂದು ಹಚ್ಚಿಸಿಕೊಂಡ ಈಡಿಗ ಸಮುದಾಯದಲ್ಲಿ. ಆದರೆ ಮುಂದೆ ರಾಜಕುಮಾರ್ ಆದ ಅವರನ್ನು ಕನ್ನಡ ಸಿನಿಮಾ ರಣಧೀರ ಕಂಠೀರವನನ್ನಾಗಿ, ಕೃಷ್ಣದೇವರಾಯನನ್ನಾಗಿ, ಮಯೂರನನ್ನಾಗಿ ನೋಡಿತು. ಯಾರೂ ಹುಬ್ಬೇರಿಸಲಿಲ್ಲ. ಇದಕ್ಕೆ ಕಾರಣ ಕನ್ನಡಿಗರ ಔದಾರ್ಯ ಎಂದು ಬೀಗುವಂತಿಲ್ಲ. ನನ್ನ ಪ್ರಕಾರ ಅರ್ಧ ಕಾರಣ ಕಂಪನಿ ನಾಟಕ. ಅವರ ತಂದೆ ಪುಟ್ಟಸ್ವಾಮಯ್ಯನವರೇ ರಂಗದ ಮೇಲೆ ಹೆಸರು ಮಾಡಿದವರು. ಗುಬ್ಬಿ ಕಂಪನಿಯಂಥ ಕಡೆ ಕಿರೀಟ ಯಾರ ತಲೆಗೆ ಎಂಬುದನ್ನು ಕಂಠ, ನಿಲುವು, ಮಾತಿನ ಓಘ ನಿರ್ಧರಿಸುತ್ತಿದ್ದವು. ಸಿನಿಮಾ ಬರುವ ಹೊತ್ತಿಗೆ ಆ ಅಪ್ಪಣೆ ರಂಗದಲ್ಲಿ ಆಗಲೇ ಸಿಕ್ಕಿಬಿಟ್ಟಿತ್ತು. ಮಿಮಿಕ್ರಿಯಲ್ಲಿ ಕಿರೀಟವೇ ಇಲ್ಲ. ಅಲ್ಲದೆ ಈ ಅಪ್ಪಣೆ ನಮ್ಮಲ್ಲಿ ಎಲ್ಲಿಯವರೆಗೆ ಇಳಿಯಿತು? ಕನ್ನಡದ ದೊಡ್ಡ ನಾಯಕನಟರ ಸಾಲಿನಲ್ಲಿ ದಲಿತರ ಹೆಸರು ಹುಡುಕಲು ಹೊರಟರೆ ಬೆರಳು ಮಡಿಚುವ ಪ್ರಮೇಯವೇ ಬರುವುದಿಲ್ಲ.

ಮಣಿಯವರ ಕೈಗೂ ನಾಯಕಪಾತ್ರಗಳು ಬಂದವು, ಇಲ್ಲವೆಂದಲ್ಲ. 1999ರಲ್ಲಿ ವಿನಯನ್ ನಿರ್ದೇಶನದ ‘ವಾಸಂತಿಯುಂ ಲಕ್ಷ್ಮಿಯುಂ ಪಿನ್ನೆ ಞಾನುಂ’ ಚಿತ್ರದಲ್ಲಿ ಕುರುಡು ಹಾಡುಗಾರ ರಾಮು. ಕನ್ನಡದಲ್ಲಿ ದರ್ಶನ್ ನಟಿಸಿದ ‘ನಮ್ಮ ಪ್ರೀತಿಯ ರಾಮು’ ಇದರದೇ ರೀಮೇಕ್, ತಮಿಳಿನಲ್ಲಿ ವಿಕ್ರಮ್ ಮಾಡಿದರು. ಮುಂದೆ 2001ರ ‘ಕರುಮಾಡಿಕುಟ್ಟನ್’ನಲ್ಲಿ ಬುದ್ಧಿ ಬೆಳೆಯದ ಮುಗ್ಧ. ನಾಯಕನೇನೋ ಹೌದು, ಆದರೆ ಏನಾದರೊಂದು ಕೊರತೆ ಹೊತ್ತುಕೊಂಡೇ ಬರಬೇಕಾದ ನಾಯಕ. ಮೈಬಣ್ಣ, ಹುಟ್ಟು ನೋಡಿ ಕೆಲವು ನಟಿಯರು ಅವರ ಜೋಡಿಯಾಗಲು ಒಪ್ಪಲಿಲ್ಲ ಎಂಬ ಮಾತು ಮಲಯಾಳಂ ಚಿತ್ರರಂಗದಲ್ಲಿ ಬಹಿರಂಗವಾಗಿಯೇ ಓಡಾಡಿದೆ. ತಮಿಳಿನವರು 2002ರ ‘ಜೆಮಿನಿ’ಯಲ್ಲಿ ಅವರನ್ನು ಖಳನನ್ನಾಗಿಸಿದರು. ಆ ತೇಜ ಎಂಬ ರೌಡಿ ಇದ್ದಕ್ಕಿದ್ದಂತೆ ಪ್ರಾಣಿಗಳ ಹಾವಭಾವ, ದನಿ ಅನುಕರಿಸತೊಡಗುತ್ತಾನೆ. ಹೆದರಿಸುವ ನೋಟ, ಅದರ ಬೆನ್ನಿಗೇ ಅವರ ಆ ಉರುಳುರುಳು ನಗು. ಕೊಚ್ಚಿಯ ವೇದಿಕೆಯ ಹುಡುಗ ಹತ್ತು ವರ್ಷ ಗಂಟಲಲ್ಲೇ ಅದುಮಿಟ್ಟುಕೊಂಡದ್ದೆಲ್ಲ ಆ ಚಿತ್ರದಲ್ಲಿ ಒಂದೇ ಉಸಿರಿಗೆ ಹೊರಬಿದ್ದಂತೆ ನನಗೆ ಕಾಣುತ್ತದೆ.

ರಾಮು ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿತು, ತಿರುವನಂತಪುರದಿಂದ ಪ್ರಕಟವಾಗುವ ರಾಜ್ಯ ಪ್ರಶಸ್ತಿಯಲ್ಲಿ ತೀರ್ಪುಗಾರರ ವಿಶೇಷ ಪುರಸ್ಕಾರ. ಎರಡೂ ಕಡೆ ಆ ವರ್ಷದ ಶ್ರೇಷ್ಠ ನಟ ಮೋಹನ್‌ಲಾಲ್, ಚಿತ್ರ ಶಾಜಿ ಕರುಣ್ ಅವರ ‘ವಾನಪ್ರಸ್ಥಂ’. ಅಭಿನಯದ ಬಗ್ಗೆ ನನ್ನ ತಕರಾರಿಲ್ಲ, ಅದು ಮೋಹನ್‌ಲಾಲರ ಅತ್ಯುತ್ತಮ ಕೆಲಸಗಳಲ್ಲೊಂದು. ಆದರೆ ಆ ಚಿತ್ರದ ಕತೆ ಕೇಳಿ. ಕುಞಿಕುಟ್ಟನ್ ಹುಟ್ಟಿನಿಂದ ಕೀಳೆನಿಸಿಕೊಂಡ ಕಥಕಳಿ ಕಲಾವಿದ. ಅರಮನೆಯ ಸುಭದ್ರೆಗೆ ಅವನ ಅರ್ಜುನನ ವೇಷದ ಮೇಲೆ ಮೋಹ. ವೇಷ ಕಳಚಿ ನಿಂತವನು ಅವಳಿಗೆ ಬೇಡ. ವೇಷಕ್ಕೂ ಹುಟ್ಟಿಗೂ ನಡುವೆ ಸಿಕ್ಕಿಬಿದ್ದವನ ಸಂಕಟವನ್ನು ಮೋಹನ್‌ಲಾಲ್ ಅಭಿನಯಿಸಿ ಮೊದಲ ಸ್ಥಾನ ಪಡೆದ ವರ್ಷದಲ್ಲೇ ಅದನ್ನು ಬದುಕಿಯೇ ಬಂದಿದ್ದ ಇನ್ನೊಬ್ಬನಿಗೆ ‘ವಿಶೇಷ’ ಸಿಕ್ಕಿತು. ಪಂಕ್ತಿಯಿಂದ ಆಚೆ, ಪ್ರೀತಿಯಿಂದಲೇ ಹಾಕಿದ ಪ್ರತ್ಯೇಕ ಎಲೆಯ ಹಾಗೆ. ತೀರ್ಪುಗಾರರು ಸಂಚು ಮಾಡಿದರೆಂದು ನಾನು ಹೇಳುತ್ತಿಲ್ಲ. ಕೆಳಗಿನವರಾಗಿ ನಟಿಸಲು ಮೇಲಿನವರಿಗೆ ಇರುವ ದಾರಿ ಹೆದ್ದಾರಿ, ಎದುರಿನಿಂದ ಬರುವವರಿಗೆ ಕಾಲುಹಾದಿ ಎಂಬುದಷ್ಟೇ ನನ್ನ ಮಾತು.

ಆ ಕಾಲುಹಾದಿಯಲ್ಲಿ ಮೊದಲು ನಡೆದವರು ತಿರುವನಂತಪುರದಲ್ಲೇ ಇದ್ದರು. ಜೆ.ಸಿ. ಡೇನಿಯಲ್ ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ತೆಗೆದಾಗ ನಾಯಕಿಯಾದವರು ಪುಲಯ ಎಂಬ ದಲಿತ ಜಾತಿಯ, ಹುಲ್ಲು ಕೊಯ್ದು ಜೀವನ ಮಾಡುತ್ತಿದ್ದ ಪಿ.ಕೆ. ರೋಸಿ. ಕಾಕ್ಕಾರಿಶ್ಶಿ ಎಂಬ ಜನಪದ ನಾಟಕಗಳಲ್ಲಿ ಪಾತ್ರ ಮಾಡಿ ಅಭ್ಯಾಸವಿತ್ತು. ಸಿನಿಮಾದಲ್ಲಿ ಆಕೆಯದು ಸರೋಜಿನಿ ಎಂಬ ನಾಯರ್ ಹೆಣ್ಣಿನ ಪಾತ್ರ. ಚಿತ್ರ ಕ್ಯಾಪಿಟಲ್ ಥಿಯೇಟರಿನಲ್ಲಿ ತೆರೆಕಂಡದ್ದು 1928ರಲ್ಲೋ 1930ರಲ್ಲೋ, ಆ ವಾದ ಇನ್ನೂ ಮುಗಿದಿಲ್ಲ. ಆ ದಿನ ನಡೆದದ್ದರ ಬಗ್ಗೆ ಅಷ್ಟು ವಾದವಿಲ್ಲ. ಪುಲಯ ಹೆಣ್ಣೊಬ್ಬಳು ನಾಯರ್ ಮನೆಯವಳಾಗಿ ಓಡಾಡುವುದನ್ನು, ನಾಯಕ ಅವಳ ಮುಡಿಯ ಹೂವಿಗೆ ಮುತ್ತಿಡುವುದನ್ನು ಕಂಡು ಮೇಲ್ಜಾತಿಯ ಪ್ರೇಕ್ಷಕರು ಪರದೆಗೆ ಕಲ್ಲು ತೂರಿದರು. ರೋಸಿಯ ಗುಡಿಸಲಿಗೆ ಬೆಂಕಿ ಬಿತ್ತು. ಆಕೆ ನಾಗರಕೋಯಿಲ್ ಕಡೆ ಹೊರಟಿದ್ದ ಲಾರಿ ಹತ್ತಿ ಊರು ಬಿಟ್ಟರು.

ಇಷ್ಟೇ ಆಗಿದ್ದರೆ ಇದು ದೌರ್ಜನ್ಯದ ಇನ್ನೊಂದು ಕತೆಯಾಗುತ್ತಿತ್ತು. ನನ್ನನ್ನು ಕಾಡುವುದು ಅದರ ಮುಂದಿನ ಭಾಗ. ಆ ಲಾರಿಯ ಚಾಲಕ ಕೇಶವ ಪಿಳ್ಳೆಯನ್ನೇ ಮದುವೆಯಾಗಿ, ರಾಜಮ್ಮಾಳ್ ಎಂಬ ಹೆಸರಿನಲ್ಲಿ, ತಮಿಳು ಸೀಮೆಯಲ್ಲಿ ರೋಸಿ ಉಳಿದ ಬದುಕನ್ನು ಕಳೆದರು. ಸಿನಿಮಾದ ಸುದ್ದಿಯನ್ನೇ ಎತ್ತುತ್ತಿರಲಿಲ್ಲವಂತೆ. ಮೇಲ್ಜಾತಿಯವಳ ವೇಷ ಹಾಕಿದ್ದಕ್ಕಾಗಿ ಓಡಿಸಲ್ಪಟ್ಟಾಕೆ ಮೇಲ್ಜಾತಿಯವನ ಹೆಂಡತಿಯಾಗಿ, ಗುರುತು ಬಿಟ್ಟುಕೊಡದೆ ದಶಕಗಟ್ಟಲೆ ಬದುಕಿದರು. ತೆರೆಯ ಮೇಲೆ ಬೆರಳೆಣಿಕೆಯ ನಿಮಿಷ ತಡೆದುಕೊಳ್ಳಲಾಗದ್ದು ಬದುಕಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟು ಚೆನ್ನಾಗಿ ನಟಿಸಬಲ್ಲವರಾಗಿದ್ದರು ಎನ್ನೋಣವೆ? ಕೇರಳದ ಅತ್ಯುನ್ನತ ಚಲನಚಿತ್ರ ಪ್ರಶಸ್ತಿಗೆ 1992ರಿಂದ ಡೇನಿಯಲ್ ಹೆಸರಿದೆ. ರೋಸಿಯನ್ನು ಸಾಮಾನ್ಯ ಪ್ರೇಕ್ಷಕ ಕೇಳಿ ತಿಳಿದದ್ದು 2013ರ ‘ಸೆಲ್ಯುಲಾಯ್ಡ್’ ಚಿತ್ರ ಬಂದ ಮೇಲೆ. ‘ವಿಗತಕುಮಾರನ್’ನ ಪ್ರತಿ ಇಂದು ಉಳಿದಿಲ್ಲ.

ಅದೇ ತಿರುವನಂತಪುರದ ಕುಮಾರಪುರದಲ್ಲಿ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತ ಸುರೇಂದ್ರನ್ ಎಂಬ ಹುಡುಗನಿದ್ದ. 1980ರ ದಶಕದಲ್ಲಿ ಸಿನಿಮಾಕ್ಕೆ ಬಟ್ಟೆ ಹೊಲಿಯುತ್ತ ಹೊಲಿಯುತ್ತ ಕ್ಯಾಮೆರಾ ಮುಂದೆ ಬಂದು ಇಂದ್ರನ್ಸ್ ಆದ. ಕೊಡೆಕಡ್ಡಿಯಂಥ ಅವರ ಮೈಯನ್ನು ನೋಡಿ ನಗುವುದಕ್ಕೇ ದಶಕಗಳ ಕಾಲ ಪಾತ್ರ ಬರೆದರು. 2017ರ ಸಾಲಿನ ರಾಜ್ಯ ಪ್ರಶಸ್ತಿ ಅವರಿಗೆ ಶ್ರೇಷ್ಠ ನಟನೆಂದು ಬಂತು, ‘ಆಳೊರುಕ್ಕಂ’ ಚಿತ್ರದಲ್ಲಿ ಹಳೆಯ ತುಳ್ಳಲ್ ಕಲಾವಿದನಾಗಿದ್ದಕ್ಕೆ. ಬೇರೆಯವರಿಗೆ ಉಡುಪಿನ ಅಳತೆ ತೆಗೆದವರಿಗೆ ತಮ್ಮ ಅಳತೆಯ ಪಾತ್ರ ಸಿಗಲು ಮೂವತ್ತೈದು ವರ್ಷಕ್ಕೂ ಮೇಲಾಯಿತು. ಆಮೇಲೆ, ತಲೆ ನರೆತ ಮೇಲೆ, ಸಾಕ್ಷರತಾ ಮಿಷನ್ ಮೂಲಕ ಪರೀಕ್ಷೆಗೆ ಕೂತು ಏಳನೇ ತರಗತಿ ಪಾಸು ಮಾಡಿದರು. ಪ್ರಶಸ್ತಿಗಿಂತ ಈ ಸುದ್ದಿಯೇ ನನಗೆ ಹೆಚ್ಚು ಹಿಡಿಸಿತು.

ಈ ಮೂವರ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕೇರಳದಲ್ಲಿ ಮೆನೋನ್, ನಾಯರ್, ನಂಬಿಯಾರ್ ಎಂಬ ಬಾಲ ಹಿಂದಿನಿಂದ ಬರುತ್ತದೆ. ಇವರ ಹೆಸರುಗಳು ಎಲ್ಲೆಲ್ಲಿಂದಲೋ ಹುಟ್ಟಿದವು. ಇಂದ್ರನ್ಸ್ ಎಂಬುದು ಅವರ ಹೊಲಿಗೆ ಅಂಗಡಿಯ ಹೆಸರು. ಕಲಾಭವನ್ ಎಂಬುದು ತಂಡದ ಹೆಸರು. ರೋಸಿ ಎಂಬ ಹೆಸರಂತೂ ಓಡಿಹೋದ ರಾತ್ರಿಯೇ ತೀರಿಹೋಯಿತು.

ಮಣಿಯವರಲ್ಲಿ ನನಗೆ ಕೊನೆಗೂ ಉಳಿಯುವ ಒಗಟು ಬೇರೆ. ದುಡ್ಡು ಬಂದ ಮೇಲೂ ಅವರು ಕೊಚ್ಚಿಗೆ ಮನೆ ಬದಲಿಸಲಿಲ್ಲ, ಚಾಲಕುಡಿಯಲ್ಲೇ ಉಳಿದರು. ‘ನಾಡನ್ ಪಾಟ್ಟು’ ಎಂಬ ಜನಪದ ಹಾಡುಗಳನ್ನು ಹಾಡತೊಡಗಿದರು. ಗದ್ದೆ ಕೆಲಸದ ಲಯ, ಮೀನಿನ ಸಾರು, ಹಸಿದ ಹೊಟ್ಟೆ, ಬಡವರ ಮನೆಯ ಪ್ರೇಮ, ಇವೇ ವಸ್ತು. ಆ ಕ್ಯಾಸೆಟ್ಟುಗಳು ಅವರ ಸಿನಿಮಾಗಳಷ್ಟೇ, ಕೆಲವು ಊರುಗಳಲ್ಲಿ ಅದಕ್ಕಿಂತ ಹೆಚ್ಚಾಗಿ ಜನರೊಳಗೆ ಇಳಿದವು. ಹಾಗಾದರೆ ಸಿನಿಮಾ ಹೇಳಿದ್ದನ್ನೇ, ನೀನು ನೀನೇ ಆಗಿರು ಎಂಬುದನ್ನೇ, ಅವರು ಪಾಲಿಸಿದಂತಾಯಿತಲ್ಲ? ಇಲ್ಲ ಎಂದು ನನಗೆ ಅನ್ನಿಸುತ್ತದೆ. ಮರ ಹತ್ತುವವನ ಪಾತ್ರವನ್ನು ಅವರಿಗೆ ಕೊಟ್ಟವರು ಇನ್ನೊಬ್ಬರು. ಹಾಡಿನಲ್ಲಿ ತಾನು ಯಾರು ಎಂಬುದನ್ನು ತಾನೇ ಆರಿಸಿಕೊಂಡರು. ಬೇರೆಯವನಾಗಬಲ್ಲವನು ತಾನಾಗಿಯೇ ಉಳಿಯುತ್ತೇನೆ ಎಂದಾಗ ಅದಕ್ಕೆ ತೂಕ ಬರುತ್ತದೆ. ಬೇರೆ ದಾರಿಯೇ ಇಲ್ಲದವನು ಹಾಗೆ ಉಳಿದರೆ ಅದು ಹಣೆಬರಹ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅದಕ್ಕೇ ಎಲ್ಲರೂ ಮೋಸಹೋಗುತ್ತೇವೆ.

2016ರ ಮಾರ್ಚ್ 6ರಂದು ಕೊಚ್ಚಿಯ ಆಸ್ಪತ್ರೆಯಲ್ಲಿ ಮಣಿ ತೀರಿಕೊಂಡರು, ನಲವತ್ತೈದು ವಯಸ್ಸಿಗೆ. ಚಾಲಕುಡಿ ಹೊಳೆದಂಡೆಯ ‘ಪಾಡಿ’ ಎಂಬ ತಮ್ಮ ವಿಶ್ರಾಂತಿಮನೆಯಲ್ಲಿ ಹಿಂದಿನ ದಿನ ಅಸ್ವಸ್ಥರಾಗಿದ್ದರು. ಸಂಶಯಗಳೆದ್ದವು, ಪ್ರಕರಣ ಸಿಬಿಐವರೆಗೆ ಹೋಯಿತು, ಯಕೃತ್ತಿನ ಕಾಯಿಲೆಯೇ ಕಾರಣವೆಂದು ಅದು ವರದಿ ಕೊಟ್ಟಿತು. ಹಸಿವಿನ ಹಾಡು ಹಾಡಿದವರ ಮೈಯೊಳಗೆ ಗೆಲುವು ಏನೇನು ಮಾಡಿತ್ತು ಎಂಬುದನ್ನು ಯಾವ ವರದಿಯೂ ಬರೆಯುವುದಿಲ್ಲ.

ಅವರ ತಮ್ಮ ರಾಮಕೃಷ್ಣನ್ ನೃತ್ಯಕ್ಕೆ ಹೋದರು. ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದ ಆರ್‌ಎಲ್‌ವಿ ಕಾಲೇಜಿನಲ್ಲಿ ಕಲಿತು, ಅದನ್ನೇ ಹೆಸರಿನ ಮುಂದೆ ಇಟ್ಟುಕೊಂಡರು. ಕಲಿತದ್ದು ಮೋಹಿನಿಯಾಟ್ಟಂ. ವಿಷ್ಣುವೇ ಹೆಣ್ಣಿನ ವೇಷ ತೊಟ್ಟು ಮೋಹಿನಿಯಾದ ಕತೆಯ ಹೆಸರು ಹೊತ್ತ ನೃತ್ಯ ಅದು, ಬೇರೆಯವರಾಗುವುದೇ ಅದರ ಹೆಸರಿನೊಳಗಿದೆ. 2024ರ ಮಾರ್ಚಿನಲ್ಲಿ ಹಿರಿಯ ನರ್ತಕಿಯೊಬ್ಬರು ಸಂದರ್ಶನವೊಂದರಲ್ಲಿ, ಹೆಸರು ಹೇಳದಿದ್ದರೂ ಯಾರೆಂದು ಎಲ್ಲರಿಗೂ ತಿಳಿಯುವಂತೆ, ಕಾಗೆಯ ಬಣ್ಣದವರು ಮೋಹಿನಿಯಾಗಬಾರದು ಎಂಬರ್ಥದ ಮಾತಾಡಿದರು. ಕೇರಳ ಕೆರಳಿತು, ಮಂತ್ರಿಗಳು ಖಂಡಿಸಿದರು. ಕೆಲವೇ ದಿನಗಳಲ್ಲಿ, ಶಾಸ್ತ್ರೀಯ ಕಲೆಗಳನ್ನು ಕಲಿಸುವ ಕೇರಳ ಕಲಾಮಂಡಲದ ವೇದಿಕೆಯಲ್ಲೇ ರಾಮಕೃಷ್ಣನ್ ಮೋಹಿನಿಯಾಟ್ಟಂ ಆಡಿದರು. 2025ರ ಜನವರಿಯಲ್ಲಿ ಅವರು ಅದೇ ಕಲಾಮಂಡಲದಲ್ಲಿ ಅಧ್ಯಾಪಕರಾಗಿ ಸೇರಿದರು. ಕಲಿಸಲು ನೇಮಿಸಿದ್ದು ಮಾತ್ರ ಭರತನಾಟ್ಯವನ್ನು.